ಅರ್ಧವಿರಾಮವೂ ಯಲ್ದೂರಿನ ನೀರೂ

ಲಕ್ಕೂರಿನಿಂದ ಮಾಲೂರಿಗೆ ಒಂದು ಬಸ್ಸು, ಮಾಲೂರಿನಿಂದ ಕೋಲಾರಕ್ಕೆ ಇನ್ನೊಂದು. ಕೋಲಾರದಲ್ಲಿ ಮಣ್ಣು ಮತ್ತು ನೀರು ಪರೀಕ್ಷೆ ಮಾಡುವ ಸಣ್ಣ ಖಾಸಗಿ ಲ್ಯಾಬೊಂದಕ್ಕೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಈ ಎರಡು ಬಸ್ಸುಗಳ ಸಮಯ ಬಿಟ್ಟರೆ ನನಗೆ ಖಚಿತವಾಗಿ ಗೊತ್ತಿದ್ದದ್ದು ಬಹಳ ಕಡಿಮೆ. ಡಿಪ್ಲೊಮಾದಲ್ಲಿ ಕಂಪ್ಯೂಟರ್ ಓದಿದ್ದೆ, ನಿಜ. ಆದರೆ ನಾನು ಓದಿದ ಕಂಪ್ಯೂಟರಿನಲ್ಲಿ ಚಿತ್ರಗಳಿದ್ದವು, ಒತ್ತಲು ಮೌಸ್ ಇತ್ತು. ಲ್ಯಾಬಿನ ಮೂಲೆಯಲ್ಲಿದ್ದ ಯಂತ್ರದಲ್ಲಿ ಕಪ್ಪು ಪರದೆ, ಅದರ ಮೇಲೆ ಮಿನುಗುವ ಒಂದು ಬಿಳಿ ಗೆರೆ, ಅಷ್ಟೇ.

"ಇದರಲ್ಲೇ ಕೆಲಸ ಮಾಡ್ಬೇಕಾ ಮೇಡಂ?" ಎಂದು ಕೇಳಿದೆ.

"ಇದರಲ್ಲೇ. ಮೌಸು ಕೆಟ್ಟೋಗಿ ಎರಡು ವರ್ಷ ಆಯ್ತು. ಅದಿಲ್ಲ ಅಂತ ಇದುವರೆಗೂ ಒಂದು ಕೆಲಸಾನೂ ನಿಂತಿಲ್ಲ ಅಮ್ಮಾಯ್" ಎಂದರು ಮೇಡಂ.

ಮೇಡಂ ಆ ಲ್ಯಾಬಿನ ಮುಖ್ಯಸ್ಥೆ. ರಸಾಯನಶಾಸ್ತ್ರ ಓದಿದವರು. ಆಗ ಅವರಿಗೆ ಐವತ್ತರ ಆಸುಪಾಸು. ಮುಳಬಾಗಿಲಿನಿಂದ ದಿನವೂ ಬಂದು ಹೋಗುತ್ತಿದ್ದರು. ಮನೆಮಾತು ತೆಲುಗು, ಹಾಗಾಗಿ ಅವರ ಕನ್ನಡದ ವಾಕ್ಯಗಳು ಕೊನೆಗೆ ಬರುವಾಗ ಸ್ವಲ್ಪ ಎಳೆದುಕೊಂಡು ಮೇಲೇಳುತ್ತಿದ್ದವು. ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿ ಹನಿಯಾಗಿ ಬಿಡುವಾಗ ಮಾತ್ರ ಅವರು ಎಣಿಸುತ್ತಿದ್ದದ್ದು ತೆಲುಗಿನಲ್ಲಿ: ಒಕಟಿ, ರೆಂಡು, ಮೂಡು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಕಂಪ್ಯೂಟರನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಲ್ಯಾಬಿಗೆಂದು ಬಹಳ ಹಿಂದೆ ತರಿಸಿದ್ದ ಸಾಫ್ಟ್‌ವೇರ್ ಒಂದು ದಿನ ನಿಂತುಹೋಯಿತಂತೆ. ಮಾಡಿಕೊಟ್ಟವರು ಫೋನ್ ಎತ್ತಲಿಲ್ಲ. ರೈತರು ರಿಪೋರ್ಟಿಗಾಗಿ ಬಂದು ಬೆಂಚಿನ ಮೇಲೆ ಕೂತಿದ್ದಾರೆ, ಮೀಟರುಗಳು ಅಳೆದ ಅಂಕಿಗಳೆಲ್ಲ ಸಾದಾ ಫೈಲುಗಳಾಗಿ ಯಂತ್ರದೊಳಗೆ ಬಿದ್ದಿವೆ, ತೆಗೆದು ಜೋಡಿಸುವವರಿಲ್ಲ. ಮೇಡಂ ಒಂದು ಹಳೆಯ ಪುಸ್ತಕ ಹುಡುಕಿ ತಂದರು. ಸಂಜೆ ಮುಳಬಾಗಿಲಿನ ಬಸ್ಸಿಗೆ ಮುಂಚೆ ದಿನಕ್ಕೆ ಅರ್ಧ ಗಂಟೆ ಆ ಕಪ್ಪು ಪರದೆಯ ಮುಂದೆ ಕೂತರು. ಹಳೆಯ ಪರೀಕ್ಷಾ ಚೀಟಿಗಳ ಹಿಂಬದಿಯಲ್ಲಿ ಅವರು ಬರೆದುಕೊಂಡಿದ್ದ ಟಿಪ್ಪಣಿಗಳನ್ನು ನಾನು ನೋಡಿದ್ದೇನೆ. ಒಂದು ಬದಿಯಲ್ಲಿ ವಕ್ಕಲೇರಿಯ ಹಿಪ್ಪುನೇರಳೆ ತೋಟವೊಂದರ ಸಾರಜನಕ, ಇನ್ನೊಂದು ಬದಿಯಲ್ಲಿ ಅವರ ಗುಂಡು ಅಕ್ಷರದಲ್ಲಿ: '> ಹಾಕಿದರೆ ಹಳೆಯದು ಅಳಿಸಿ ಹೊಸದು. >> ಹಾಕಿದರೆ ಹಳೆಯದರ ಕೆಳಗೆ ಹೊಸದು. ಎಚ್ಚರ.' ಎಚ್ಚರ ಎಂಬ ಪದದ ಕೆಳಗೆ ಎರಡು ಗೆರೆ.

ನನಗೆ ಅವರು ಮೊದಲು ಕಲಿಸಿದ್ದು ಈ ಚಿಹ್ನೆಗಳನ್ನೇ. "ಆಜ್ಞೆಗಳು ನೂರಿವೆ, ಅವನ್ನ ಪುಸ್ತಕದಲ್ಲಿ ನೋಡ್ಕೋಬಹುದು. ಒಂದು ಆಜ್ಞೆಗೂ ಇನ್ನೊಂದಕ್ಕೂ ನಡುವೆ ಏನ್ ಹಾಕ್ತೀಯ, ಅದು ಮುಖ್ಯ" ಎಂದು ಶುರುಮಾಡಿದರು. ಒಂದು ಆಜ್ಞೆ ಟೈಪ್ ಮಾಡಿಸಿದರು. ಅದು ಮುಗಿದ ಮೇಲೆ, ಆ ಕೆಲಸ ಹೇಗಾಯಿತು ಎಂದು ಕೇಳುವ ಇನ್ನೊಂದನ್ನು ಟೈಪ್ ಮಾಡಿಸಿದರು. ಪರದೆಯ ಮೇಲೆ ಸೊನ್ನೆ ಬಂತು.

"ಸೊನ್ನೆ ಬಂತಲ್ಲ ಮೇಡಂ, ತಪ್ಪಾಯ್ತಾ?"

"ಇಲ್ಲಿ ಸೊನ್ನೆ ಬಂದ್ರೆ ಪಾಸು. ಮಿಕ್ಕಿದ್ದು ಏನೇ ಬಂದ್ರೂ ಫೇಲು."

ನನಗೆ ನಗು ಬಂತು. ಗಣಿತದಲ್ಲಿ ಸೊನ್ನೆ ತಂದು ಮನೆಯಲ್ಲಿ ಬೈಸಿಕೊಂಡವಳು ನಾನು. ಮೇಡಂ ನಗಲಿಲ್ಲ. ಪ್ರತಿ ಕೆಲಸವೂ ಮುಗಿಯುವಾಗ ತಾನು ಸರಿಯಾಗಿ ಆಯಿತೋ ಇಲ್ಲವೋ ಎಂದು ಒಂದು ಅಂಕಿ ಹೇಳಿ ಹೋಗುತ್ತದೆ, ನಾವು ಕೇಳಿಸಿಕೊಳ್ಳಬೇಕು, ಅಷ್ಟೇ ಎಂದು ವಿವರಿಸಿದರು. ಎರಡು ಆಜ್ಞೆಗಳ ನಡುವೆ && ಹಾಕಿದರೆ ಮೊದಲನೆಯದು ಪಾಸಾದರೆ ಮಾತ್ರ ಎರಡನೆಯದು ನಡೆಯುತ್ತದೆ. || ಹಾಕಿದರೆ ಮೊದಲನೆಯದು ಫೇಲಾದರೆ ಮಾತ್ರ. ಒಂದೇ ನೆಟ್ಟ ಗೆರೆ ಹಾಕಿದರೆ ಮೊದಲನೆಯದು ಹೊರಹಾಕಿದ್ದೆಲ್ಲ ಎರಡನೆಯದರ ಬಾಯಿಗೆ ಹೋಗುತ್ತದೆ.

"ಮತ್ತೆ ಈ ಅರ್ಧವಿರಾಮ?" ಎಂದು, ';' ಚಿಹ್ನೆಯನ್ನು ತೋರಿಸಿದೆ.

"ಅದಕ್ಕೆ ಯಾವುದೂ ಲೆಕ್ಕಕ್ಕಿಲ್ಲ. ಮೊದಲನೇದು ಪಾಸೋ ಫೇಲೋ, ಎರಡನೇದು ನಡೆದೇ ನಡೀತದೆ. ಅದನ್ನ ಕಂಡ್ರೆ ನಂಗೆ ಭಯ" ಎಂದರು.

ಮೇಡಂ ಕೆಲಸ ಮಾಡುವುದನ್ನು ನೋಡುವುದೇ ಒಂದು ಖುಷಿ. ಇಡೀ ದಿನದ ಅಂಕಿಗಳನ್ನು ಒಂದೇ ಸಾಲಿನಲ್ಲಿ ಹಿಡಿಯುತ್ತಿದ್ದರು. ಫೈಲು ಓದು, ನೆಟ್ಟ ಗೆರೆ, ಊರಿನ ಪ್ರಕಾರ ಜೋಡಿಸು, ನೆಟ್ಟ ಗೆರೆ, ಉಪ್ಪಿನಂಶ ಮಿತಿ ಮೀರಿದ್ದನ್ನು ಮಾತ್ರ ಆರಿಸು, ಆಮೇಲೆ >> ಹಾಕಿ ತಿಂಗಳ ಪಟ್ಟಿಗೆ ಸೇರಿಸು. ಕೊನೆಗೆ ಎಂಟರ್ ಒತ್ತುವ ಮುಂಚೆ ಕೈ ಮಡಿಲಲ್ಲಿಟ್ಟುಕೊಂಡು ಇಡೀ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನವೂ ಈ ಓದನ್ನು ತಪ್ಪಿಸಿದ್ದನ್ನು ನಾನು ಕಾಣೆ. ನಾನು ಬೆಳಗ್ಗೆಯಿಂದ ಕೂತು ಮಾಡುತ್ತಿದ್ದ ಕೆಲಸ, ಅವರು ಮಡಿಲಿನಿಂದ ಕೈ ತೆಗೆದು ಒಂದು ಕೀ ಒತ್ತುವಷ್ಟರಲ್ಲಿ ಮುಗಿದಿರುತ್ತಿತ್ತು.

ಆರು ತಿಂಗಳಾಗುವಷ್ಟರಲ್ಲಿ ನನಗೂ ಕೈ ಕುದುರಿತು. ಕೈಯ ಜೊತೆ ಸ್ವಲ್ಪ ತಲೆಯೂ ತಿರುಗಿತು. ಮೀಟರಿನ ಅಂಕಿಗಳನ್ನು ಫೈಲಿನ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲೂ ಬರೆಯುವ ಪದ್ಧತಿ ಇತ್ತು. "ಎರಡೆರಡು ಸಲ ಯಾಕೆ ಮೇಡಂ? ಫೈಲಲ್ಲಿ ಇದ್ದೇ ಇರ್ತದಲ್ಲ" ಎಂದು ನಾನೇ ಒತ್ತಾಯಿಸಿ ಅದನ್ನು ನಿಲ್ಲಿಸಿದೆ. ವಾರದ ಕೊನೆಯಲ್ಲಿ ಬೇಡದ ಫೈಲುಗಳನ್ನು ಗುಡಿಸಿಹಾಕಲು ಒಂದು ಸ್ಕ್ರಿಪ್ಟ್ ಕೂಡ ಬರೆದೆ. ಕಸದ ಫೋಲ್ಡರಿಗೆ ಹೋಗು, ಅಲ್ಲಿರುವುದನ್ನೆಲ್ಲ ಅಳಿಸು: ಎರಡೇ ಆಜ್ಞೆ. ನಡುವೆ && ಹಾಕಬೇಕಿತ್ತು. ಆದರೆ ಆ ಕೀಬೋರ್ಡಿನಲ್ಲಿ & ಇದ್ದದ್ದು ಏಳರ ಕೀಯಲ್ಲಿ, ಆ ಕೀ ಬಿಗಿಯಾಗಿತ್ತು, ಉಗುರು ನೋಯುವಷ್ಟು ಒತ್ತಬೇಕಿತ್ತು. ನಾನು ಅರ್ಧವಿರಾಮ ಹಾಕಿದೆ. ಫೋಲ್ಡರ್ ಎಲ್ಲಿಗೆ ಹೋಗುತ್ತದೆ, ಇದ್ದೇ ಇರುತ್ತದಲ್ಲ! ಮೂರು ತಿಂಗಳು ಸ್ಕ್ರಿಪ್ಟ್ ಚೆನ್ನಾಗಿಯೇ ನಡೆಯಿತು.

ಒಂದು ಶುಕ್ರವಾರ ಬೆಳಗ್ಗೆ, ಎಲ್ಲ ಒಪ್ಪ ಮಾಡುವ ಹುಮ್ಮಸ್ಸಿನಲ್ಲಿ ಆ ಕಸದ ಫೋಲ್ಡರಿನ ಹೆಸರನ್ನು ಬದಲಾಯಿಸಿದೆ. ಸ್ಕ್ರಿಪ್ಟಿನಲ್ಲಿ ಹಳೆಯ ಹೆಸರೇ ಉಳಿಯಿತು. ಮಧ್ಯಾಹ್ನ ಊಟ ಮುಗಿಸಿ ಬಂದು, ಪರೀಕ್ಷೆಯ ಫಲಿತಾಂಶಗಳಿದ್ದ ಫೋಲ್ಡರಿನಲ್ಲಿ ನಿಂತೇ ಸ್ಕ್ರಿಪ್ಟ್ ಓಡಿಸಿದೆ. ಅಂಥ ಫೋಲ್ಡರ್ ಇಲ್ಲ ಎಂದು ಒಂದು ಸಾಲು ಬಂತು. ಓದಿ, 'ಅಯ್ಯೋ, ಹೌದಲ್ಲ' ಅಂದುಕೊಂಡೆ. ಅಷ್ಟರಲ್ಲಿ ಅರ್ಧವಿರಾಮ ತನ್ನ ಕೆಲಸ ಮಾಡಿಯಾಗಿತ್ತು. ಹೋಗಬೇಕಾದ ಜಾಗಕ್ಕೆ ಹೋಗಲಾಗದಿದ್ದರೂ, ನಿಂತಲ್ಲೇ ಅಳಿಸು ಎಂಬ ಎರಡನೆಯ ಆಜ್ಞೆ ನಡೆದುಬಿಟ್ಟಿತ್ತು. ಫಲಿತಾಂಶದ ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದೆ. ಪರದೆ ಏನೂ ಹೇಳಲಿಲ್ಲ. ಮತ್ತೆ ಕೇಳಿದೆ. ಬಿಳಿ ಗೆರೆ ಮಿನುಗುತ್ತಿತ್ತು.

ಎದ್ದು ಹೋಗಿ ಮೇಡಂ ಹತ್ತಿರ ನಿಂತೆ. ಅವರು ಮಣ್ಣು ಜರಡಿ ಹಿಡಿಯುತ್ತಿದ್ದರು.

"ಮೇಡಂ, ಎಲ್ಲಾ ಹೋಯ್ತು."

ಅವರು ಜರಡಿ ಕೆಳಗಿಟ್ಟರು. "ಏನು ಟೈಪ್ ಮಾಡ್ದೆ? ಇದ್ದದ್ದು ಇದ್ದಂಗೆ ಹೇಳು. ಅಳೋದು ಆಮೇಲೆ."

ಹೇಳಿದೆ. ಬಿಗಿ ಕೀಯ ವಿಷಯವನ್ನೂ ಹೇಳಿದೆ. ಅವರು ಬೈಯಬಹುದಿತ್ತು, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆದರೆ ಅವರು ಬೀರುವಿನಿಂದ ಒಂದು ಪೆನ್‌ಡ್ರೈವ್ ತೆಗೆದು ತಂದು ಯಂತ್ರಕ್ಕೆ ಚುಚ್ಚಿದರು. ಪ್ರತಿ ಶನಿವಾರ ಫಲಿತಾಂಶಗಳನ್ನೆಲ್ಲ ಅದಕ್ಕೆ ನಕಲು ಮಾಡುವ ಒಂದು ಸ್ಕ್ರಿಪ್ಟನ್ನು ಅವರು ನಾನು ಬರುವುದಕ್ಕೂ ಮುಂಚೆ ಬರೆದಿಟ್ಟಿದ್ದರು. ಅವತ್ತು ಅದನ್ನು ತೆರೆದು ಓದಿದೆ. ನಕಲು ಮಾಡು, &&, ಮೂಲವನ್ನೂ ನಕಲನ್ನೂ ಹೋಲಿಸಿ ನೋಡು, &&, ಸರಿಯಾಯಿತು ಎಂದು ತಾರೀಕಿನೊಂದಿಗೆ ಬರೆ, ||, ಆಗಲಿಲ್ಲ ಎಂದು ಪರದೆಯ ತುಂಬ ಕೂಗು. ಆ ಬಿಗಿ ಕೀಯನ್ನು ಅವರು ಒಂದೊಂದು ಸಲವೂ ಒತ್ತಿದ್ದರು. ಹಿಂದಿನ ಶನಿವಾರದವರೆಗಿನ ಪ್ರತಿಯೊಂದು ಅಂಕಿಯೂ ಅಲ್ಲಿತ್ತು.

"ಹಂಗಾದ್ರೆ ಹೋಗಿದ್ದು ಈ ವಾರದ್ದು ಮಾತ್ರ" ಎಂದು ಮೇಡಂ ಕಪಾಟಿನ ಕಡೆ ತಿರುಗಿದರು. ಪರೀಕ್ಷೆಯಾದ ಮೇಲೆ ಉಳಿದ ಮಣ್ಣನ್ನು ಚೀಟಿ ಹಚ್ಚಿದ ಡಬ್ಬಿಗಳಲ್ಲಿ ಮೂರು ತಿಂಗಳು ಇಡುವುದು ಲ್ಯಾಬಿನ ರೂಢಿ. "ಮಣ್ಣು ಇಲ್ಲೇ ಇದೆ. ಅದನ್ನೇನು ನೀನು ಅಳಿಸಿಲ್ಲವಲ್ಲ. ಮತ್ತೆ ಮಾಡಣ."

ಶನಿವಾರ, ಭಾನುವಾರ ಎರಡೂ ದಿನ ಹಗಲಿಡೀ ಇಬ್ಬರೂ ಕೂತು ಆ ವಾರದ ಮಣ್ಣನ್ನೆಲ್ಲ ಮತ್ತೆ ತೂಗಿದೆವು, ಕಲಕಿದೆವು, ಸೋಸಿದೆವು. ರಜೆಯ ದಿನ ಅವರು ಮುಳಬಾಗಿಲಿನಿಂದ ಬಂದಿದ್ದರು, ಬರುವಾಗ ಇಬ್ಬರಿಗೂ ಚಿತ್ರಾನ್ನ ತಂದಿದ್ದರು. ಒಮ್ಮೆಯೂ ಅದನ್ನು ಉಪಕಾರದಂತೆ ಆಡಿ ತೋರಿಸಲಿಲ್ಲ. ಪ್ರತಿ ಅಂಕಿಯನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದೆ, ಯಾರೂ ಹೇಳದೆಯೇ.

ಭಾನುವಾರ ಸಂಜೆಗೆ ಎಲ್ಲ ಮುಗಿಯಿತು, ಒಂದನ್ನು ಬಿಟ್ಟು. ಯಲ್ದೂರಿನ ರೈತರೊಬ್ಬರು, ಅರವತ್ತು ದಾಟಿದವರು, ಮಾವಿನ ತೋಟದ ಮಣ್ಣಿನ ಜೊತೆ ಒಂದು ಬಾಟಲಿ ನೀರನ್ನೂ ಕೊಟ್ಟು ಹೋಗಿದ್ದರು. ಮರಗಳ ಎಲೆಯಂಚು ಸುಟ್ಟಂತಾಗುತ್ತಿದೆ, ಕೊಳವೆಬಾವಿಯ ನೀರು ಹೇಗಿದೆ ನೋಡಿ ಎಂದು ಕೇಳಿದ್ದರು. ಮಣ್ಣು ಡಬ್ಬಿಯಲ್ಲಿತ್ತು. ಆ ವಾರ ಬಂದಿದ್ದ ಒಂದೇ ಒಂದು ನೀರು ಅದು, ಅದನ್ನು ಪರೀಕ್ಷೆಯಾದ ದಿನವೇ ಚೆಲ್ಲಿಬಿಟ್ಟಿದ್ದೆವು. ಬುಧವಾರ ಅವರು ರಿಪೋರ್ಟಿಗೆ ಬರುವವರಿದ್ದರು.

"ಆ ನೀರಿನ ಅಂಕಿ ನಂಗೆ ಜ್ಞಾಪಕ ಇದೆ ಮೇಡಂ. ನಾನೇ ಅಳೆದಿದ್ದು. ಉಪ್ಪಿನಂಶ ಸೊನ್ನೆ ಪಾಯಿಂಟ್ ಏಳೋ ಎಂಟೋ. ನೀರು ಚೆನ್ನಾಗೇ ಇತ್ತು. ಅಷ್ಟು ಬರೆದುಬಿಟ್ರೆ ಅವರಿಗೂ ಓಡಾಟ ತಪ್ತದೆ" ಎಂದೆ.

ಮೇಡಂ ಕೈ ಒರೆಸಿಕೊಳ್ಳುತ್ತಿದ್ದರು. "ಏಳಾ? ಎಂಟಾ?"

ನೋಟ್‌ಬುಕ್ಕು ತಿರುವಿದೆ, ಆ ನೀರಿನ ಸಾಲು ಅದರಲ್ಲಿರಲಿಲ್ಲ.

"ಆ ಮನುಷ್ಯ ನಿನ್ನ ಚೀಟಿ ನೋಡ್ಕೊಂಡು ತೋಟಕ್ಕೆ ನೀರು ಬಿಡ್ತಾರೆ ಅಮ್ಮಾಯ್. ಅಳೆಯದೆ ಇರೋದನ್ನ ಅಳೆದೆ ಅಂತ ಬರಿಯಕಾಗಲ್ಲ. ಫೋನ್ ಮಾಡು. ಏನಾಯ್ತೋ ಅದನ್ನೇ ಹೇಳು."

ಆ ಫೋನ್ ಮಾಡುವುದು ಎರಡು ದಿನದ ಕೆಲಸಕ್ಕಿಂತ ಕಷ್ಟವಾಗಿತ್ತು. ಲ್ಯಾಬಿನ ಹೊರಗೆ ಹೋಗಿ ನಿಂತು ಮಾಡಿದೆ. ನಿಮ್ಮ ನೀರಿನ ಫಲಿತಾಂಶ ಕಂಪ್ಯೂಟರಿನಿಂದ ಅಳಿಸಿಹೋಗಿದೆ ಎಂದೆ.

"ಕಂಪ್ಯೂಟರು ಕೈ ಕೊಡ್ತಾ?" ಎಂದರು ಅವರು.

"ಇಲ್ಲ ತಾತ. ಅದು ಸರಿಯಾಗೇ ಇದೆ. ನಾನೇ ತಪ್ಪು ಮಾಡಿ ಅಳಿಸ್ದೆ."

ತಾತ ನಕ್ಕರು. "ಸರಿ ಬಿಡಮ್ಮ. ನೀರೇನು ಬತ್ತೋಗಿಲ್ಲ. ಮತ್ತೆ ತಂದುಕೊಡ್ತೀನಿ."

"ಬೇಡ ತಾತ, ನೀವು ಬರಬೇಡಿ. ನಾನೇ ಬರ್ತೀನಿ."

ಇದನ್ನು ಮೇಡಂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ತಾನಾಗಿ ಬಂತು. ಒಳಗೆ ಬಂದು ಹೇಳಿದಾಗ ಅವರು ತಲೆಯಾಡಿಸಿ, ತೊಳೆದ ಎರಡು ಬಾಟಲಿಗಳನ್ನು ನನ್ನ ಬ್ಯಾಗಿನ ಪಕ್ಕ ಇಟ್ಟರು.

ಸೋಮವಾರ ಬೆಳಗ್ಗೆ ಕೋಲಾರದಿಂದ ಶ್ರೀನಿವಾಸಪುರದ ಬಸ್ಸು ಹಿಡಿದು, ಅಲ್ಲಿಂದ ಯಲ್ದೂರಿಗೆ ಹೋದೆ. ತಾತ ಬಸ್‌ಸ್ಟಾಪಿಗೇ ಮೊಪೆಡ್ ತಂದಿದ್ದರು. ತೋಟದಲ್ಲಿ ಅವರ ಹೆಂಡತಿ ಕಳೆ ತೆಗೆಯುತ್ತಿದ್ದರು. ಮರಗಳನ್ನು ಹತ್ತಿರದಿಂದ ನೋಡಿದೆ. ಒಂದೊಂದು ಎಲೆಯೂ ಅಂಚಿನಲ್ಲಿ ಬೆಂಕಿ ತಾಗಿದ ಕಾಗದದಂತೆ ಕಂದಾಗಿತ್ತು. ಕೊಳವೆಬಾವಿಯ ಮೋಟರು ಹಾಕಿಸಿ, ಮೇಡಂ ಹೇಳಿದ್ದಂತೆ ಹತ್ತು ನಿಮಿಷ ನೀರನ್ನು ಸುಮ್ಮನೆ ಹರಿಯಬಿಟ್ಟು, ಆಮೇಲೆ ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು ತುಂಬಿಸಿಕೊಂಡೆ.

"ಇಷ್ಟೆಲ್ಲ ಮಾಡಬೇಕಾ?" ಎಂದು ತಾತ ಆಶ್ಚರ್ಯಪಟ್ಟರು.

"ನೀವು ಹೋದ ಸಲ ಹೆಂಗೆ ಹಿಡಿದ್ರಿ ತಾತ?"

ಅವರು ಹೆಂಡತಿಯ ಕಡೆ ನೋಡಿದರು. ಆಯಮ್ಮ ಕುಡುಗೋಲು ಕೆಳಗಿಟ್ಟು ನಕ್ಕರು. "ಅವತ್ತು ಈಯಪ್ಪ ತೋಟದಿಂದ ಬಾಟ್ಲಿ ತರೋದು ಮರ್ತು ಬಂದವ್ರೆ. ಬಸ್ಸು ಹೋಗ್ತದೆ ಅಂತ ಒಂದೇ ಗಲಾಟೆ. ನಾನೇ ಮನೆ ನಲ್ಲೀಲಿ ಹಿಡಿದು ಕೊಟ್ಟೆ. ನೀರು ನೀರೇ ಅಲ್ವೇನಮ್ಮ?"

ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಮನೆಯ ನಲ್ಲಿಗೆ ಬರುವುದು ಊರಿನ ಟ್ಯಾಂಕಿನ ನೀರು. ನಾನು ಅಳೆದದ್ದು, ಚೆನ್ನಾಗಿದೆ ಎಂದು ಜ್ಞಾಪಕ ಇಟ್ಟುಕೊಂಡದ್ದು, ಚೀಟಿಯಲ್ಲಿ ಬರೆದುಬಿಡೋಣ ಎಂದದ್ದು ಆ ನೀರಿನ ಅಂಕಿ. ಈ ಮರಗಳು ಅದನ್ನು ಒಂದು ಹನಿಯೂ ಕುಡಿದಿರಲಿಲ್ಲ.

ಮಧ್ಯಾಹ್ನ ಕೋಲಾರಕ್ಕೆ ವಾಪಸ್ಸು ಬಂದು ಮೇಡಂ ಎದುರಿಗೇ ಅಳೆದೆ. ಉಪ್ಪಿನಂಶ ಮೂರರ ಮೇಲಿತ್ತು. ಮಾವಿಗೆ ಅದು ಬಹಳ ಹೆಚ್ಚು. ಎಲೆಯಂಚು ಸುಡುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಮೇಡಂ ಇನ್ನೊಮ್ಮೆ ಅಳೆಯಲು ಹೇಳಿದರು. ಅಷ್ಟೇ ಬಂತು. ನಾನು ಉಬ್ಬಿಹೋಗಿದ್ದೆ.

"ನೋಡಿದ್ರಾ ಮೇಡಂ, ಅಳಿಸಿದ್ದೇ ಒಳ್ಳೇದಾಯ್ತು!"

"ನಿನ್ನ ಅದೃಷ್ಟ ಚೆನ್ನಾಗಿತ್ತು, ಅದು ಬೇರೆ ವಿಷಯ" ಎಂದರು ಮೇಡಂ, ಮೀಟರಿನ ಕಡ್ಡಿಯನ್ನು ತೊಳೆಯುತ್ತ. "ಸ್ಕ್ರಿಪ್ಟು ಇನ್ನೂ ಹಂಗೇ ಇದೆ. ಹೋಗು, ಸರಿ ಮಾಡು."

ಹೋಗಿ ಸರಿ ಮಾಡಿದೆ. ಏಳರ ಕೀಯನ್ನು ಎರಡು ಸಲ ಒತ್ತಿದೆ. ಆಮೇಲೆ ಇಲ್ಲದ ಫೋಲ್ಡರಿನ ಹೆಸರು ಕೊಟ್ಟು, ಬೇಕೆಂದೇ ತಪ್ಪು ಮಾಡಿ ಓಡಿಸಿ ನೋಡಿದೆ. ಅಂಥ ಫೋಲ್ಡರ್ ಇಲ್ಲ ಎಂದು ಹೇಳಿ ಅದು ಅಲ್ಲೇ ನಿಂತಿತು, ಒಂದು ಫೈಲನ್ನೂ ಮುಟ್ಟಲಿಲ್ಲ. ಆ ನಿಲ್ಲುವಿಕೆಯನ್ನು ನೋಡಿ ನನಗಾದ ಸಂತೋಷವನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಮೇಡಂ ಮಾತ್ರ ನಗದೆ ಬಂದು ನೋಡಿ, "ಇನ್ನೊಂದ್ಸಲ ಮಾಡು" ಎಂದರು. ಮಾಡಿದೆ. ಇಬ್ಬರೂ ನೋಡಿದೆವು.

ಅದೇ ವಾರ ಮೇಡಂ ತಮ್ಮ ಕಡೆಯ ತಪ್ಪನ್ನೂ ಹುಡುಕಿಕೊಂಡರು. ನೀರನ್ನು ಎಲ್ಲಿಂದ ಹಿಡಿದಿರಿ ಎಂದು ಕೇಳದೆ ಬಾಟಲಿ ತೆಗೆದುಕೊಳ್ಳುತ್ತಿದ್ದದ್ದು ತಮ್ಮ ತಪ್ಪೆಂದರು. ಚೀಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಿದರು. ಆ ಸಾಲು ಖಾಲಿ ಇದ್ದರೆ ರಿಪೋರ್ಟ್ ಛಾಪಿಸದಂತೆ ಸ್ಕ್ರಿಪ್ಟಿನಲ್ಲೂ ಬದಲಾವಣೆ ಮಾಡಿದರು. ನೋಟ್‌ಬುಕ್ಕು ಮತ್ತೆ ಮೇಜಿಗೆ ಬಂತು.

ತಾತ ಕೊಳವೆಬಾವಿಯ ನೀರನ್ನು ಮಾವಿಗೆ ಬಿಡುವುದು ನಿಲ್ಲಿಸಿ, ತೋಟದ ಮೇಲ್ಗಡೆಯಿದ್ದ ಕೃಷಿ ಹೊಂಡದಿಂದ ಡ್ರಿಪ್ ಎಳೆಸಿದರು. ಮುಂದಿನ ವರ್ಷ ಒಂದು ದಿನ ಲ್ಯಾಬಿಗೆ ಬಂದು, ದಿನಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಮೂರು ಎಲೆಗಳನ್ನು ಮೇಡಂ ಮುಂದೆ ಇಟ್ಟರು. ಹೊಸ ಚಿಗುರಿನ ಎಲೆಗಳು, ಅಂಚಿನವರೆಗೂ ಹಸಿರು. ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಮಗ್ಗುಲು ಬದಲಿಸಿ ನೋಡಿದರು. "ಚೆನ್ನಾಗಿದೆ" ಎಂದರು. ಅವರ ಬಾಯಲ್ಲಿ ಆ ಪದ ಸುಲಭಕ್ಕೆ ಬರುತ್ತಿರಲಿಲ್ಲ. ತಾತ ನನ್ನ ಕಡೆ ತಿರುಗಿ, "ಈಯಮ್ಮ ಅವತ್ತು ಸುಳ್ಳು ಹೇಳಿದ್ರೆ ನಂಗೇನು ಗೊತ್ತಾಗ್ತಿತ್ತು?" ಎಂದರು. ಸುಳ್ಳು ಹೇಳಲು ಹೊರಟವಳನ್ನು ತಡೆದದ್ದು ಯಾರೆಂದು ಹೇಳಬೇಕೆಂದುಕೊಂಡೆ. ಮೇಡಂ ಅಷ್ಟರಲ್ಲಿ ಬೇರೆ ಮಾತು ತೆಗೆದರು.

ಈಗ ಮೇಡಂ ಕೆಲಸ ಬಿಟ್ಟಿದ್ದಾರೆ. ಲ್ಯಾಬಿನ ಕಂಪ್ಯೂಟರು ನನ್ನ ಕೈಯಲ್ಲಿದೆ, ಹೊಸದು ಬಂದಿದೆ. ಪರದೆ ಕಪ್ಪಾಗಿಯೇ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ಮುಳಬಾಗಿಲಿಗೆ ಹೋಗಿದ್ದಾಗ ಅವರ ಮನೆಯ ಊಟದ ಮೇಜಿನ ಮೇಲೊಂದು ಲ್ಯಾಪ್‌ಟಾಪ್ ಇತ್ತು. ಅರ್ಧ ತೆಲುಗು ಅರ್ಧ ಕನ್ನಡವಾಗಿ ತಮ್ಮ ಬೀದಿಯಲ್ಲಿ ಆಡುವ ಮಾತುಗಳನ್ನು ಅವರು ಒಂದು ಫೈಲಿನಲ್ಲಿ ಸೇರಿಸುತ್ತಿದ್ದಾರೆ. ತರಕಾರಿ ತರಲು ಹೋದಾಗ, ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಕಿವಿಗೆ ಬಿದ್ದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ. ಫೈಲು, ನೆಟ್ಟ ಗೆರೆ, ಅಕ್ಷರಕ್ರಮದಲ್ಲಿ ಜೋಡಿಸು, ನೆಟ್ಟ ಗೆರೆ, ಎರಡೆರಡು ಸಲ ಬಂದದ್ದನ್ನು ಒಂದು ಮಾಡು.

"ನಿಮ್ಮ ಲಕ್ಕೂರ ಕಡೆ ಸುಮ್ಮನಿರು ಅನ್ನಕ್ಕೆ ಏನಂತೀರಿ?" ಎಂದು ಕೇಳಿದರು.

"ಗಮ್ಮನಿರು ಅಂತೀವಿ ಮೇಡಂ."

"ನಮ್ಮನೇಲಿ ಗಮ್ಮುನುಂಡು." ಎರಡನ್ನೂ ಟೈಪ್ ಮಾಡಿದರು. ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡು ಎಂಟರ್ ಒತ್ತಿದರು. ಎರಡೂ ಪದಗಳು ಒಂದರ ಕೆಳಗೊಂದು ಬಂದವು, ಒಂದಾಗಲಿಲ್ಲ.

"ಎರಡೂ ಒಂದೇ ಅಲ್ವಾ ಮೇಡಂ, ಒಂದನ್ನ ತೆಗೀಬಹುದಲ್ಲ?" ಎಂದೆ.

"ಬೇಡ ಅಮ್ಮಾಯ್, ಎರಡೂ ಇರಲಿ. ಒಂದು ನಿಮ್ಮೂರದು, ಒಂದು ನಮ್ಮನೇದು" ಎಂದು ಅವರು ಮುಂದಿನ ಚೀಟಿ ಕೈಗೆತ್ತಿಕೊಂಡರು.